ಕ್ಲಿಪ್ಪು ಹಾಕಿದ ಚರಿತ್ರೆ

ರಟ್ಟಿನಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಓಣಿಯವರು ಹೇಳುವುದು ಪೂರ್ತಿ ನಿಜವಲ್ಲ. ಮೂಗಿನ ಮೇಲೆ ಕೂರುವುದಕ್ಕೂ ಪುರುಸೊತ್ತಿಲ್ಲದೆ ಅದು ನೇರ ನಾಲಿಗೆಗೇ ಇಳಿಯುತ್ತದೆ. ಹಾಗೆಂದು ಸುಮ್ಮಸುಮ್ಮನೆ ರೇಗುವ ಹೆಂಗಸಲ್ಲ. ಇಪ್ಪತ್ತೆರಡು ವರ್ಷದಿಂದ ಪುಸ್ತಕಗಳಿಗೆ ರಟ್ಟು ಹಾಕಿಕೊಂಡು ಬಂದವಳು, ಆ ಕಸುಬಿನಿಂದಲೇ ಅವಳಿಗೆ ಈ ಹೆಸರು. ವಕೀಲರ ಕಡತ, ಕಾಲೇಜು ಲೈಬ್ರರಿಯ ಹರಿದ ನಿಘಂಟು, ಅವಳು ಹೋಗುವ ಕ್ರೈಸ್ತ ಸಭೆಯ ಕೀರ್ತನೆ ಪುಸ್ತಕ, ಎಲ್ಲವೂ ಅವಳ ಮನೆಯ ಮುಂದಿನ ಕೋಣೆಗೇ ಬರುತ್ತವೆ. ಅಲ್ಲೊಂದು ಉದ್ದ ಮೇಜು, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಅಂಟಿನ ಡಬ್ಬಿ, ದಬ್ಬಣ, ಮೇಣ ತಿಕ್ಕಿದ ದಾರದ ಉಂಡೆ. ಮೇಜಿನ ಅರ್ಧ ಕಸುಬಿಗೆ, ಅರ್ಧ ಮಕ್ಕಳ ಪಾಠಕ್ಕೆ. ನಡುವೆ ಸುಣ್ಣದ ಕಡ್ಡಿಯಲ್ಲಿ ಎಳೆದ ಒಂದು ಗೆರೆ ಇದೆ. ಗೆರೆ ದಾಟಿ ಅಂಟಿಗೆ ಕೈ ಹಾಕಿದವರಿಗೆ ಬೆನ್ನ ಮೇಲೆ ಒಂದು ಬೀಳುತ್ತದೆ.

ಮಕ್ಕಳು ಮೂವರು. ಹದಿನಾಲ್ಕರ ದೊಡ್ಡವಳು, ಹತ್ತರ ನಡುವಿನವನು, ಎಂಟರ ಪುಟ್ಟಿ. ದೊಡ್ಡವಳು ಮೊದಲ ವರ್ಷ ಶಾಲೆಗೇ ಹೋಗಿದ್ದಳು. ಅರವತ್ತು ಮಕ್ಕಳಿಗೆ ಒಬ್ಬ ಟೀಚರು, ವರ್ಷವಿಡೀ ಹುಡುಗಿ ತರಗತಿಯಲ್ಲಿ ಒಂದು ಸಲವೂ ಬಾಯಿ ಬಿಡಲಿಲ್ಲ, ಅದು ಟೀಚರಿಗೆ ಗೊತ್ತೂ ಆಗಲಿಲ್ಲ. ಅಷ್ಟೊತ್ತಿಗೆ ಅವರ ಸಭೆಯಲ್ಲಿ ಕೆಲವರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಲು ಶುರುಮಾಡಿದ್ದರು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಲೆಕ್ಕ, ಭಾಷೆ, ಚರಿತ್ರೆ. ಶನಿವಾರ ಪ್ರಾರ್ಥನಾ ಮಂದಿರದ ಪಕ್ಕದ ಹಾಲಿನಲ್ಲಿ ಎಲ್ಲ ಮನೆಯವರೂ ಒಟ್ಟಿಗೆ. ರಟ್ಟಿನಕ್ಕನೂ ಮಗಳನ್ನು ಬಿಡಿಸಿಕೊಂಡು ಬಂದು ಅವರ ಜೊತೆ ಸೇರಿದಳು. ಈಗ ಅಲ್ಲಿ ಹನ್ನೊಂದು ಮನೆಯವರಿದ್ದಾರೆ.

ಮಿಕ್ಕ ಪಾಠ ಹೇಗೋ ಸಾಗುತ್ತಿತ್ತು, ಚರಿತ್ರೆ ಮಾತ್ರ ಪ್ರಾಣ ತಿನ್ನುತ್ತಿತ್ತು. ವಯಸ್ಸಿಗೆ ತಕ್ಕ ಪುಸ್ತಕ ಎಂದು ಮೂವರಿಗೂ ಬೇರೆಬೇರೆ ಕೊಡಿಸಿದಾಗ ಮನೆ ಮೂರು ಯುಗಗಳಲ್ಲಿ ಹಂಚಿಹೋಯಿತು. ದೊಡ್ಡವಳು ಮಹಾಯುದ್ಧದಲ್ಲಿ, ನಡುವಿನವನು ಗುಹೆಯಲ್ಲಿ ಕಲ್ಲು ಉಜ್ಜಿಕೊಂಡು, ಪುಟ್ಟಿ 'ನಮ್ಮ ಬೀದಿ, ನಮ್ಮ ಅಂಚೆಯಣ್ಣ'ದಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ಇದರ ಮೇಲೆ ಯಾರಾದರೂ ಕಡತಕ್ಕೆ ರಟ್ಟು ಹಾಕಿಸಲು ಬಂದರೆ ಅವತ್ತು ಯುದ್ಧವೂ ನಿಲ್ಲುತ್ತಿತ್ತು, ಬೆಂಕಿಯನ್ನೂ ಯಾರೂ ಕಂಡುಹಿಡಿಯುತ್ತಿರಲಿಲ್ಲ.

ಪರಿಹಾರ ಹೇಳಿದವನು ಗಂಡ. ಅವನು ಸಿಟಿ ಬಸ್ಸಿನ ಡ್ರೈವರು, ಮಾತು ಕಡಿಮೆ.

"ನನ್ನ ಬಸ್ಸಲ್ಲಿ ಸ್ಕೂಲ್ ಮಕ್ಕಳೂ ಹತ್ತುತ್ತಾರೆ, ಮುದುಕರೂ ಹತ್ತುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬಸ್ ಬಿಡ್ತೀನಾ? ರಸ್ತೆ ಒಂದೇ, ಇಳಿಯೋ ಸ್ಟಾಪ್ ಬೇರೆ ಅಷ್ಟೆ," ಎಂದ ಬೂಟು ಬಿಚ್ಚುತ್ತಾ.

ಅಂಥ ಪುಸ್ತಕವೂ ಇತ್ತು. ಮನೆಯ ಮಕ್ಕಳೆಲ್ಲ ಒಂದೇ ಕಾಲದ ಕಥೆಯನ್ನು ಒಟ್ಟಿಗೆ ಕೇಳುವುದು. ಆಮೇಲೆ ಚಿಕ್ಕವರು ಚಿತ್ರ ಬರೆಯುವುದು, ನಡುವಿನವರು ನಕ್ಷೆ ತುಂಬುವುದು, ದೊಡ್ಡವರು ಪ್ರಬಂಧ ಬರೆಯುವುದು. ನಾಲ್ಕು ಸಂಪುಟ, ನಾಲ್ಕು ವರ್ಷ, ಸೃಷ್ಟಿಯಿಂದ ಈ ಹೊತ್ತಿನವರೆಗೆ. ಮುಗಿದ ಮೇಲೆ ಮತ್ತೆ ಮೊದಲಿಂದ, ಈ ಸಲ ಇನ್ನಷ್ಟು ಆಳವಾಗಿ. ಬೇರೆ ಊರಿನ ಸಭೆಯೊಂದರಲ್ಲಿ ಹಳೆಯ ಪುಸ್ತಕ ಸಿಕ್ಕಾಗ ರಟ್ಟಿನಕ್ಕ ಒಂದು ಸೆಟ್ಟು ತಂದು ರಟ್ಟು ಹಾಕಿಕೊಂಡಳು. ಬರೆದವರು ದೇವರಲ್ಲಿ ನಂಬಿಕೆ ಇಟ್ಟವರೇ, ಆದರೆ ಹಿಂದಿನವರನ್ನು ಅನವಶ್ಯಕವಾಗಿ ಹೊಗಳುವ ಜಾತಿಯವರಲ್ಲ. ದಾವೀದ ರಾಜನ ಕಥೆ ಹೇಳಿದ ಬೈಬಲೇ ಅವನ ಪಾಪವನ್ನು ಮುಚ್ಚಿಡಲಿಲ್ಲ, ನಾವು ಯಾರು ಮುಚ್ಚಿಡುವುದಕ್ಕೆ ಎಂದು ಮುನ್ನುಡಿಯಲ್ಲೇ ಬರೆದಿದ್ದರು. ಆ ಮಾತು ಅವಳಿಗೆ ಬಹಳ ಹಿಡಿಸಿತು.

ಒಂದೇ ಒಂದು ತೊಡಕು. ಮೂವರೂ ಒಟ್ಟಿಗೆ ಕೇಳುವಾಗ ಕೆಲವು ಪುಟ ಚಿಕ್ಕವರ ಕಿವಿಗೆ ಹೊಂದುತ್ತಿರಲಿಲ್ಲ: ಕಗ್ಗೊಲೆ, ಗಲ್ಲು, ಗುಲಾಮರ ಹಡಗು. ರಟ್ಟಿನಕ್ಕ ಅದಕ್ಕೊಂದು ಪದ್ಧತಿ ಮಾಡಿಕೊಂಡಳು. ಮುಂಚಿತವಾಗಿ ಓದಿ ಅಂಥ ಪುಟಗಳಿಗೆ ಒಂದು ಸ್ಟೀಲಿನ ಕ್ಲಿಪ್ಪು ಹಾಕಿಬಿಡುವುದು. "ಇದನ್ನ ಯಾರೂ ತೆಗೀಬಾರದು. ಹನ್ನೆರಡು ತುಂಬಿದವರಿಗೆ ನಾನೇ ತೆಗೆದು ಓದಿಸ್ತೀನಿ," ಎಂದು ಹೇಳಿದ್ದಳು. ಶನಿವಾರದ ತಾಯಂದಿರಿಗೆಲ್ಲ ಈ ಉಪಾಯ ಇಷ್ಟವಾಗಿತ್ತು. ಹನ್ನೊಂದು ಮನೆಗೂ ಒಂದೇ ಚರಿತ್ರೆ ಪುಸ್ತಕ ಇರಲಿ, ಹಂಚಿಕೊಂಡು ಓದೋಣ ಎಂಬ ಮಾತು ಬಂದಾಗ ಅವಳು ಈ ಸೆಟ್ಟಿನ ಪರವಾಗಿಯೇ ವಾದ ಮಾಡಿದಳು.

ವಾದವೆಂದರೆ ಸಾಮಾನ್ಯವಾದದ್ದಲ್ಲ. ಆರಿಸಲು ಒಟ್ಟು ನಾಲ್ಕು ಮಾದರಿ ಬಂದಿದ್ದವು. ಒಂದರಲ್ಲಿ ಪ್ರತಿ ಪಾಠದ ಕೊನೆಗೂ ಬಿಟ್ಟ ಸ್ಥಳ ತುಂಬಿರಿ, ಎಲ್ಲ ಬಿಟ್ಟ ಸ್ಥಳಕ್ಕೂ 'ವಿಧೇಯತೆ' ಎಂದು ಬರೆದರೆ ಪಾಸು. ಇನ್ನೊಂದರಲ್ಲಿ ಕಥೆಗಿಂತ ಅಂಟಿಸುವ ಚಿತ್ರಗಳೇ ಹೆಚ್ಚು. ಮತ್ತೊಂದು ಎಷ್ಟು ನುಣ್ಣಗಿತ್ತೆಂದರೆ ನಮ್ಮ ಧರ್ಮದವರು ಲೋಕದಲ್ಲಿ ಕಾಲಿಟ್ಟ ಕಡೆಯೆಲ್ಲ ಹೂವೇ ಅರಳಿತ್ತು, ಯಾರ ಕಾಲೂ ಯಾರ ಮೇಲೂ ಬಿದ್ದಿರಲಿಲ್ಲ. ಮೇಷ್ಟ್ರಿಗೆ ಅದರ ಮೇಲೆ ಮನಸ್ಸು.

ಮೇಷ್ಟ್ರೆಂದರೆ ನಿವೃತ್ತ ಹೆಡ್ಮಾಸ್ಟರು, ಸಭೆಯ ಹಿರಿಯರು, ಶನಿವಾರದ ಕೂಟದ ಮುಖ್ಯಸ್ಥರು. ಕೆಟ್ಟವರಲ್ಲ. ಯಾರ ಮಗುವಿಗೆ ಜ್ವರ ಬಂದರೂ ಮೊದಲು ಬಾಗಿಲಿಗೆ ಬರುವವರು ಅವರೇ. ಆದರೆ ಜೀವಮಾನವಿಡೀ ಎದುರು ಮಾತು ಕೇಳಿಸಿಕೊಳ್ಳದೆ ಬಂದವರು. ಮೂರು ಶನಿವಾರ ಚರ್ಚೆ ನಡೆದು ರಟ್ಟಿನಕ್ಕನ ಸೆಟ್ಟೇ ಆಯ್ಕೆಯಾದಾಗ ಅವರು ಒಂದೂ ಮಾತಾಡದೆ ಕನ್ನಡಕ ಒರೆಸಿಕೊಂಡರು. ಅವತ್ತೇ ಅವಳಿಗೆ ಅನುಮಾನ ಬರಬೇಕಿತ್ತು.

ಹಳೆಯ ನಾಲ್ಕು ಸೆಟ್ಟುಗಳು ಗೋಣಿಚೀಲದಲ್ಲಿ ಬಂದವು. ಬೆನ್ನು ಕಿತ್ತು, ದಾರ ಹರಿದು, ಹಾಳೆ ಬಿಡಿಬಿಡಿಯಾಗಿದ್ದವು. ಹೊಸದಾಗಿ ಹೊಲಿದು ರಟ್ಟು ಹಾಕುವ ಕೆಲಸ ರಟ್ಟಿನಕ್ಕನದೇ. ಅವಳು ಎಲ್ಲವನ್ನೂ ಬಿಚ್ಚಿ, ಒರೆಸಿ, ಅನುಕ್ರಮವಾಗಿ ಜೋಡಿಸಿ ಇಟ್ಟುಕೊಂಡಿದ್ದಳು. ಬುಧವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲೆ, ಸರಿಯಾಗಿ ಸುಣ್ಣದ ಗೆರೆಯ ಮೇಲೇ ಇಟ್ಟರು.

"ಹೊಲಿಯೋವಾಗ ಈ ಪುಟಗಳನ್ನ ಬಿಟ್ಟುಬಿಡಿ ತಾಯಿ. ಮೂರನೇ ಸಂಪುಟದ್ದು. ಎಂಬತ್ತಮೂರರಿಂದ ಎಂಬತ್ತಾರು. ಇನ್ನೂ ಒಂದೆರಡು ಇವೆ, ಆದ್ರೆ ಅದು ಮುಖ್ಯ."

ಅವಳಿಗೆ ಚೀಟಿ ನೋಡದೆಯೇ ಗೊತ್ತಿತ್ತು. ಎಂಬತ್ತಮೂರೆಂದರೆ ಗುಲಾಮರ ಹಡಗು. ಮೇಲ್ಗಡೆ ಹಡಗಿನ ಯಜಮಾನ ದಿನಾ ಬೆಳಿಗ್ಗೆ ಪ್ರಾರ್ಥನೆ ನಡೆಸುತ್ತಿದ್ದ, ಕೆಳಗಡೆ ಕತ್ತಲಲ್ಲಿ ಸರಪಳಿ ಹಾಕಿ ಜನರನ್ನು ಮಲಗಿಸಿದ್ದರು. ಅವರನ್ನು ಕೊಂಡವರಲ್ಲಿ ಯಾರು ಯಾರು ದೇವಮಂದಿರದ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು ಎಂಬುದನ್ನೂ ಅಲ್ಲಿ ಬರೆದಿತ್ತು.

"ಯಾಕೆ ಬಿಡ್ಬೇಕು ಮೇಷ್ಟ್ರೇ?"

"ಮಕ್ಕಳ ನಂಬಿಕೆ ಎಳೇದು. ನಮ್ಮವರೇ ಹಿಂಗೆ ಮಾಡಿದ್ರು ಅಂತ ಓದಿದ್ರೆ ಏನಂದ್ಕೋತಾವೆ?"

"ನಿಜ ಅಂದ್ಕೋತಾವೆ."

"ನೋಡಿ, ಸಿಟ್ಟಾಗ್ಬೇಡಿ. ಇದು ನನ್ನ ಉಪಾಯ ಅಲ್ಲ. ನಿಮ್ಮ ಮನೇಲಿ ನೀವೇ ಕ್ಲಿಪ್ಪು ಹಾಕಿಟ್ಟಿದ್ದು ನೋಡಿಯೇ ನನಗೆ ಹೊಳೆದಿದ್ದು. ನೀವು ಕ್ಲಿಪ್ಪು ಹಾಕಿದ್ರಿ, ನಾವು ಸ್ವಲ್ಪ ಗಟ್ಟಿ ಮಾಡ್ತಿದ್ದೀವಿ, ಅಷ್ಟೆ."

ರಟ್ಟಿನಕ್ಕನ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಎಂಥೆಂಥವರೋ ಬಂದಿದ್ದರು. ಪುಟ ಕಳೆದು ಹೋಗಿದೆ, ಹುಡುಕಿಕೊಡು ಎಂದು ಗೋಗರೆದವರಿದ್ದರು. ಇರುವ ಪುಟ ಕಿತ್ತುಹಾಕು ಎಂದು ಅವಳ ಮುಖಕ್ಕೆ ಹೇಳಿದವರು ಇವರೇ ಮೊದಲು, ಅದೂ ಮಕ್ಕಳಿಗೆ ವಿದ್ಯೆ ಕಲಿಸಿ ಪೆನ್ಷನ್ ತೆಗೆದುಕೊಳ್ಳುವ ಮನುಷ್ಯ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

"ಕ್ಲಿಪ್ಪಿಗೂ ಕತ್ತರಿಗೂ ವ್ಯತ್ಯಾಸ ಗೊತ್ತಿಲ್ದೇ ಹೋಯ್ತಾ ನಿಮಗೆ? ನಾನು ಹಾಕಿರೋದು ಚಿಕ್ಕವರಿಗೆ ಅಂತ. ವಯಸ್ಸಿಗೆ ಬಂದಾಗ ತೆಗೀತೀನಿ. ಕಿತ್ತುಹಾಕಿದ ಹಾಳೆ ಯಾವ ವಯಸ್ಸಿಗೆ ವಾಪಸ್ ಬರುತ್ತೆ ಹೇಳಿ? ನಾನು ರಟ್ಟು ಹಾಕೋಳು ಮೇಷ್ಟ್ರೇ, ಜೇಬು ಕತ್ತರಿಸೋಳಲ್ಲ!"

"ಶನಿವಾರ ಎಲ್ಲರ ಮುಂದೆ ಮಾತಾಡೋಣ," ಎಂದು ಮೇಷ್ಟ್ರು ಕೊಡೆ ತೆಗೆದುಕೊಂಡು ಇಳಿದುಹೋದರು. ಚೀಟಿ ಅಲ್ಲೇ ಬಿಟ್ಟಿದ್ದರು.

ಅವರು ಹೋದ ಮೇಲೂ ಅವಳ ಬಾಯಿ ನಿಲ್ಲಲಿಲ್ಲ. ಅಂಟು ಕಲಸುತ್ತಾ, ದಾರ ಕತ್ತರಿಸುತ್ತಾ, ಗೋಡೆಗೆ ಹೇಳುತ್ತಿದ್ದಳು. ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಂಡರೆ ಲೋಕಕ್ಕೆಲ್ಲ ಕತ್ತಲೆಯಂತೆ! ಮಕ್ಕಳ ನಂಬಿಕೆ ಎಳೆಯದಂತೆ! ಎಳೆಯದಾಗಿದ್ದರೆ ನೀರು ಹಾಕಬೇಕು, ಬೇರಿಗೇ ಕತ್ತರಿ ಹಾಕುತ್ತಾರೆಯೇ? ನಡುವಿನವನು ನಕ್ಷೆಗೆ ಬಣ್ಣ ತುಂಬುವುದು ಬಿಟ್ಟು ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಪುಟ್ಟಿಗೆ ಬೆಕ್ಕಿನ ಮಾತಷ್ಟೇ ಅರ್ಥವಾಗಿತ್ತು. ದೊಡ್ಡವಳು ಎದ್ದು ಬಂದು ಚೀಟಿ ಕೈಗೆತ್ತಿಕೊಂಡಳು.

"ಅಮ್ಮ, ಎಂಬತ್ತಮೂರನೇ ಪುಟದಲ್ಲಿ ಏನಿದೆ?"

"ಏನಿದೆ ಅಂದ್ರೆ? ನೀನೇ ಓದಿಲ್ವಾ?"

"ಅದಕ್ಕೆ ಕ್ಲಿಪ್ಪಿದೆಯಲ್ಲ."

ಕೈಯಲ್ಲಿದ್ದ ಕುಂಚ ಡಬ್ಬಿಯಲ್ಲೇ ನಿಂತಿತು. ರಟ್ಟಿನಕ್ಕ ಕಪಾಟಿನಿಂದ ತನ್ನ ಮೂರನೇ ಸಂಪುಟ ಎಳೆದು ತೆಗೆದಳು. ಕ್ಲಿಪ್ಪು ಇತ್ತು. ಅದರ ಎರಡು ಬದಿಯಲ್ಲೂ ಕಾಗದದ ಮೇಲೆ ತುಕ್ಕಿನ ಗುರುತು ಬಿದ್ದಿತ್ತು. ಎರಡನೇ ಸಂಪುಟ ತೆಗೆದಳು, ಅಲ್ಲಿ ಐದು ಕ್ಲಿಪ್ಪು. ನಾಲ್ಕನೆಯದರಲ್ಲಿ ಏಳು. ಎಲ್ಲವೂ ಹಾಕಿದಲ್ಲೇ ಇದ್ದವು. ದೊಡ್ಡವಳಿಗೆ ಹನ್ನೆರಡು ತುಂಬಿ ಎರಡು ವರ್ಷ ಆಗಿಹೋಗಿತ್ತು. ಆ ವರ್ಷ ಕಾಲೇಜಿನ ಲೈಬ್ರರಿಯಿಂದ ನೂರಾರು ಪುಸ್ತಕ ಒಟ್ಟಿಗೆ ಬಂದಿದ್ದವು, ಪುಟ್ಟಿಗೆ ನಿಮೋನಿಯಾ ಆಗಿತ್ತು. ಮಧ್ಯಾಹ್ನ ಒಂದು ಗಂಟೆ ಹೊತ್ತು ದೊಡ್ಡವಳ ಜೊತೆ ಕೂರುತ್ತೇನೆ ಎಂದುಕೊಂಡದ್ದು ಇವತ್ತು ನಾಳೆ ಎಂದು ಹೋಗುತ್ತಾ ಮರೆತೇಹೋಗಿತ್ತು.

ತಪ್ಪು ತನ್ನದೆಂದು ಗೊತ್ತಾದಾಗ ಕೆಲವರು ತಣ್ಣಗಾಗುತ್ತಾರೆ. ರಟ್ಟಿನಕ್ಕ ಆ ಪೈಕಿ ಅಲ್ಲ.

"ನಿನಗೇನು ಕೈ ಇರ್ಲಿಲ್ವೇನೇ? ಹದಿನಾಲ್ಕು ವರ್ಷದ ಹುಡುಗಿ, ಒಂದು ಕ್ಲಿಪ್ಪು ತೆಗೆದು ನೋಡೋಕಾಗ್ಲಿಲ್ವಾ? ನಿನ್ನ ವಯಸ್ಸಲ್ಲಿ ನಾನಾಗಿದ್ರೆ ಮೊದಲ್ನೇ ದಿನಾನೇ ಕಿತ್ತು ನೋಡ್ತಿದ್ದೆ!"

"ತೆಗೀಬೇಡ ಅಂದಿದ್ದು ನೀನೇ ಅಲ್ವಾ ಅಮ್ಮ," ಎಂದಳು ಮಗಳು.

ತಾಯಿ ಕ್ಲಿಪ್ಪು ತೆಗೆದು ಪುಸ್ತಕವನ್ನು ಮಗಳ ಮುಂದೆ ಇಟ್ಟಳು. ದೊಡ್ಡವಳು ನಿಂತೇ ಓದಿದಳು. ಒಂದು ಪುಟ ಮಗುಚಿದಳು, ಇನ್ನೊಂದು ಮಗುಚಿದಳು, ನಾಲ್ಕೂ ಪುಟ ಮುಗಿದ ಮೇಲೆ ಮತ್ತೆ ಮೊದಲಿಗೆ ಬಂದಳು.

"ಇಸ್ತ್ರಿಯಕ್ಕನ ಮಗಳು ಯಾಕೆ ಬರ್ತಿಲ್ಲ ಅಂತ ಕೇಳ್ದೆಯಲ್ಲ ಮೊನ್ನೆ," ಎಂದಳು.

ಓಣಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ಹೆಂಗಸಿನ ಮಗಳು ದೊಡ್ಡವಳದೇ ವಯಸ್ಸು, ಹೊರಗೆ ಅವಳಿಗಿದ್ದ ಒಬ್ಬಳೇ ಗೆಳತಿ. ಮೂರು ವಾರದಿಂದ ಮನೆ ಕಡೆ ತಲೆ ಹಾಕಿರಲಿಲ್ಲ. ಈಗ ಕಾರಣ ಹೊರಗೆ ಬಂತು. ಆ ಹುಡುಗಿ ಒಂದು ದಿನ ಮಾತಿಗೆ ಮಾತು ಬಂದು, ನಮ್ಮ ಮುತ್ತಜ್ಜಿಯ ಅಜ್ಜಿಯನ್ನು ಸಮುದ್ರದಾಚೆಯಿಂದ ಗುಲಾಮಳಾಗಿ ಹಡಗಿನಲ್ಲಿ ತಂದರಂತೆ, ನಿಮ್ಮ ಸಭೆಯವರೇ ಕೊಂಡುಕೊಂಡಿದ್ದರಂತೆ ಎಂದಿದ್ದಳು.

"ನಾನು ಏನಂದೆ ಗೊತ್ತಾ ಅಮ್ಮ? ಸುಳ್ಳು ಹೇಳ್ತೀಯ ಅಂದೆ. ನಾನು ಚರಿತ್ರೆ ಪೂರ್ತಿ ಓದಿದ್ದೀನಿ, ನಮ್ಮ ಪುಸ್ತಕದಲ್ಲಿ ಹಾಗೆ ಎಲ್ಲೂ ಇಲ್ಲ, ನಮ್ಮವರು ಗುಲಾಮರನ್ನ ಬಿಡಿಸಿದವರು ಅಂದೆ. ಅವರ ಅಂಗಡೀಲಿ, ಜನರ ಎದುರಿಗೆ ಅಂದೆ. ಅವಳು ಅಳ್ತಾ ಒಳಗೆ ಹೋದ್ಲು." ದೊಡ್ಡವಳು ತಾಯಿಯ ಕಡೆ ತಿರುಗಿದಳು. "ನೀನು ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ ಅಮ್ಮ. ಮೇಷ್ಟ್ರಿಗೆ ಮಾತ್ರ ಯಾಕೆ ಬೈತೀಯ?"

ಪುಸ್ತಕ ಮುಚ್ಚಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮಧ್ಯಾಹ್ನ ಪಾಠ ನಡೆಯಲಿಲ್ಲ. ರಟ್ಟಿನಕ್ಕ ಮೇಜಿನ ಮುಂದೆ ಕೂತು ಒಂದೊಂದೇ ಕ್ಲಿಪ್ಪು ತೆಗೆದು ಅಂಟಿನ ಮುಚ್ಚಳಕ್ಕೆ ಹಾಕಿದಳು. ತನ್ನ ಮೇಲೆ ಅವಳಿಗೆ ಬಂದಿದ್ದ ಸಿಟ್ಟು ಮೇಷ್ಟ್ರ ಮೇಲೆ ಬಂದದ್ದಕ್ಕಿಂತ ಹೆಚ್ಚಿನದು. ಆದರೆ ಒಂದು ಬಂತೆಂದು ಇನ್ನೊಂದು ಇಳಿದಿರಲಿಲ್ಲ. ಅವಳ ಮನಸ್ಸಿನಲ್ಲಿ ಎರಡಕ್ಕೂ ಜಾಗವಿತ್ತು.

ಇನ್ನೊಂದು ವಿಷಯವೂ ಅವಳನ್ನು ತಿನ್ನುತ್ತಿತ್ತು. ಏಳು ವರ್ಷದ ಹಿಂದೆ ಸಭೆಗೆ ಸೇರಿದವರ ಹೆಸರು ಬರೆಯುವ ದೀಕ್ಷಾಸ್ನಾನದ ಹಳೆಯ ರಿಜಿಸ್ಟರಿಗೆ ರಟ್ಟು ಹಾಕಿದವಳು ಅವಳೇ. ಅದರಲ್ಲಿ ಕೆಲವರಿಗೆ ಅಪ್ಪ, ಅಜ್ಜ, ಮನೆತನ ಸಮೇತ ಸಾಲುಗಟ್ಟಲೆ ಹೆಸರಿತ್ತು. ಕೆಲವರಿಗೆ 'ಇಂಥವರ ಆಳು' ಎಂದಷ್ಟೇ, ಮುಂದೆ ಏನೂ ಇರಲಿಲ್ಲ. ಹೊಲಿಯುವವಳು ಓದಲು ಕೂತರೆ ಅಂಟು ಒಣಗುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಆಗ ಮುಂದಿನ ಪುಟ ತಿರುವಿದ್ದಳು.

ಶನಿವಾರ ಹಾಲಿನಲ್ಲಿ ಹನ್ನೊಂದು ಮನೆಯವರೂ ಸೇರಿದರು. ಮಕ್ಕಳನ್ನು ಹೊರಗೆ ಆಡಲು ಬಿಟ್ಟರು, ದೊಡ್ಡವಳು ಮಾತ್ರ ಹೋಗದೆ ಹಿಂದಿನ ಬೆಂಚಿನಲ್ಲಿ ಕೂತಳು. ಮೇಷ್ಟ್ರು ಪ್ರಾರ್ಥನೆ ಮಾಡಿ, ಎಳೆಯ ನಂಬಿಕೆ, ಹಸುಗೂಸಿಗೆ ಹಾಲು, ದೊಡ್ಡವರಿಗೆ ಗಟ್ಟಿ ಆಹಾರ ಎಂದೆಲ್ಲ ಹೇಳಿ, ನಾಲ್ಕೇ ನಾಲ್ಕು ಪುಟದ ವಿಷಯ ಎಂದು ಮುಗಿಸಿದರು. ರಟ್ಟಿನಕ್ಕ ಎದ್ದು ನಿಂತಳು. ಕೈಯಲ್ಲಿ ಬಿಚ್ಚಿದ ಮೂರನೇ ಸಂಪುಟದ ಒಂದೇ ಮಡಿಕೆ ಇತ್ತು, ಹದಿನಾರು ಪುಟದ್ದು. ಅವಳ ಕಸುಬಿನವರು ಅದನ್ನು ಫಾರಂ ಎನ್ನುತ್ತಾರೆ.

"ನಾಲ್ಕು ಪುಟ ಅಂದ್ರಲ್ಲ ಮೇಷ್ಟ್ರೇ, ಬನ್ನಿ, ನೀವೇ ಕಿತ್ತುಕೊಡಿ. ನನಗೆ ಕೈ ಬರಲ್ಲ."

ಮೇಷ್ಟ್ರು ಹಿಂಜರಿದರು. ಎಲ್ಲರೂ ನೋಡುತ್ತಿದ್ದರು. ಕೊನೆಗೆ ಬಂದು ಎಂಬತ್ತಮೂರನೆಯ ಪುಟ ಹುಡುಕಿ, ಎರಡು ಹಾಳೆಯನ್ನು ಮಡಿಕೆಯ ಗೆರೆಗೆ ಸರಿಯಾಗಿ ಹರಿದು ತೆಗೆದರು. ರಟ್ಟಿನಕ್ಕ ಮಿಕ್ಕ ಫಾರಂ ಎತ್ತಿ ಹಿಡಿದು ಒಂದು ಸಲ ಕೊಡವಿದಳು. ಇನ್ನೆರಡು ಹಾಳೆ ಜಾರಿ ನೆಲಕ್ಕೆ ಬಿದ್ದವು.

"ಎತ್ತಿ ಓದಿ, ಅದೇನು ಅಂತ."

ಮುಂದಿನ ಬೆಂಚಿನ ಹೆಂಗಸೊಬ್ಬಳು ಬಗ್ಗಿ ಎತ್ತಿಕೊಂಡಳು. ತೊಂಬತ್ತೊಂದರಿಂದ ತೊಂಬತ್ತನಾಲ್ಕು. ಗುಲಾಮರ ಬಿಡುಗಡೆಗೆಂದು ಇಪ್ಪತ್ತು ವರ್ಷ ಬಾಗಿಲು ಬಾಗಿಲು ತಟ್ಟಿದ ಭಕ್ತರ ಕಥೆ. ಮೇಷ್ಟ್ರು ಪ್ರತಿವರ್ಷ ಮಕ್ಕಳ ಕೈಯಲ್ಲಿ ನಾಟಕ ಆಡಿಸುತ್ತಿದ್ದ ಕಥೆ ಅದೇ.

"ಎರಡೂ ಒಂದೇ ಕಾಗದ," ಎಂದಳು ರಟ್ಟಿನಕ್ಕ. "ಮಧ್ಯದಲ್ಲಿ ಮಡಚಿರೋದು, ಅಷ್ಟೆ. ಇದನ್ನ ಕಿತ್ರೆ ಅದಕ್ಕೆ ದಾರ ನಿಲ್ಲಲ್ಲ. ಹಡಗೇ ಇಲ್ಲ ಅಂದ್ಮೇಲೆ ಇವರು ಬಿಡಿಸಿದ್ದು ಯಾರನ್ನ ಮೇಷ್ಟ್ರೇ? ಗಾಳಿಯನ್ನಾ? ನೀವು ಹೇಳಿದ್ದು ನಿಜ, ದಾರಿ ತೋರಿಸಿದ್ದು ನಾನೇ. ಕ್ಲಿಪ್ಪು ಹಾಕಿದೆ, ತೆಗೆಯೋದು ಮರೆತೆ. ನನ್ನ ಮಗಳು ಅರ್ಧ ಪುಸ್ತಕ ಓದಿ ಪೂರ್ತಿ ಓದಿದ್ದೀನಿ ಅಂದ್ಕೊಂಡು ಒಂದು ಹುಡುಗೀನ ಸುಳ್ಳಿ ಅಂದ್ಲು. ಆ ಹುಡುಗಿ ಹೇಳಿದ್ದು ನಮ್ಮ ರಿಜಿಸ್ಟರಲ್ಲೇ ಇದೆ, ಪಕ್ಕದ ಕೋಣೆಯ ಬೀರೂನಲ್ಲಿ. ಇಂಥವರ ಆಳು, ಇಂಥವರ ಆಳು ಅಂತ. ನಾನೇ ರಟ್ಟು ಹಾಕಿದ್ದು. ಅವರ ಹೆಸರು ಬರೆಯೋಕೆ ಅವತ್ತು ನಮ್ಮವರಿಗೆ ಶಾಯಿ ಸಾಲ್ದೇ ಹೋಯ್ತು. ಇವತ್ತು ಅವರ ಕಥೆಗೆ ನಾಲ್ಕು ಪುಟ ಕೊಡೋಕೂ ನಮಗೆ ಹೊಟ್ಟೆ ಉರಿ! ನಂಬಿಕೆ ಎಳೇದು ಅಂತೀರಲ್ಲ, ಯಾರ ನಂಬಿಕೆ ಎಳೇದು? ಮಕ್ಕಳದಾ, ನಿಮ್ಮದಾ?"

ವಿಷಯವನ್ನು ಮತಕ್ಕೆ ಹಾಕಿದರು. ನಾಲ್ಕು ಮನೆಯವರು ಅವಳ ಕಡೆ ಕೈ ಎತ್ತಿದರು, ಅದರಲ್ಲಿ ಅವಳ ಮನೆಯೂ ಒಂದು. ಏಳು ಮನೆಯವರು ಮೇಷ್ಟ್ರ ಕಡೆ. ಕೀಳುವುದು ಬೇಡ, ಪುಟಗಳನ್ನು ಅಂಟಿಸಿಬಿಡೋಣ ಎಂದು ತೀರ್ಮಾನವಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕೈ ಎತ್ತಿದ ಏಳು ಮನೆಯವರಲ್ಲಿ ಐವರ ಮನೆತನದ ಹೆಸರು ಆ ರಿಜಿಸ್ಟರಿನಲ್ಲಿ ಸಾಲುಗಟ್ಟಲೆ ಇತ್ತು. ಅಂಟಿಸುವ ಕೆಲಸಕ್ಕೆ ಬೇರೆ ಬೈಂಡರನ್ನು ಹುಡುಕಿಕೊಳ್ಳಿ ಎಂದು ರಟ್ಟಿನಕ್ಕ ನಾಲ್ಕು ಸೆಟ್ಟನ್ನೂ ಗೋಣಿಚೀಲದ ಸಮೇತ ಅಲ್ಲೇ ಬಿಟ್ಟಳು.

"ಹಾಗಿದ್ರೆ ಶನಿವಾರದ ಚರಿತ್ರೆ ಪಾಠಕ್ಕೆ ನಿಮ್ಮ ಮಕ್ಕಳು ಬರೋದು ಬೇಡ," ಎಂದರು ಮೇಷ್ಟ್ರು. ದನಿ ಏರಿರಲಿಲ್ಲ.

"ಬರಲ್ಲ ಬಿಡಿ. ಅವರಿಗೆ ಹದಿನಾರು ಪುಟದ ಫಾರಂನಲ್ಲಿ ಹದಿನಾರೂ ಓದೋ ಅಭ್ಯಾಸ ಆಗ್ಬೇಕಿದೆ."

ಮಾತೇನೋ ಚೆನ್ನಾಗಿಯೇ ಬಂತು, ಆದರೆ ಮನೆಯ ದಾರಿಯಲ್ಲಿ ಅದು ಅವಳಿಗೆ ರುಚಿಸಲಿಲ್ಲ. ಏಳು ಮನೆಯಲ್ಲಿ ಹತ್ತೊಂಬತ್ತು ಮಕ್ಕಳು. ಅಂಟಿಸಿದ ಪುಸ್ತಕ ಓದಿ ಹತ್ತೊಂಬತ್ತೂ ನಾಳೆ ಯಾರ ಅಂಗಡಿಯಲ್ಲಿ ನಿಂತು ಯಾರನ್ನು ಸುಳ್ಳಿ ಎನ್ನುತ್ತವೋ. ಹಲ್ಲು ಕಚ್ಚಿಕೊಂಡು ನಡೆದಳು. ದೊಡ್ಡವಳು ಬುಧವಾರದಿಂದ ಊಟಕ್ಕೆ ಬಾ ಎಂದರೆ ಬರುವುದು, ಹೋಗು ಎಂದರೆ ಹೋಗುವುದು ಬಿಟ್ಟರೆ ತಾಯಿಯ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗ ಪಕ್ಕಕ್ಕೆ ಬಂದು ನಡೆಯತೊಡಗಿದಳು.

"ಅಮ್ಮ, ನಾನು ಇಸ್ತ್ರಿಯಕ್ಕನ ಅಂಗಡಿಗೆ ಹೋಗ್ಬೇಕು."

"ಇರು, ಪುಸ್ತಕ ತಗೊಂಡು ಬರ್ತೀನಿ. ನಾನೂ ಬರ್ತೀನಿ. ತಪ್ಪಿನಲ್ಲಿ ನನ್ನದೂ ಪಾಲಿದೆ."

ಇಸ್ತ್ರಿ ಅಂಗಡಿ ಚಿಕ್ಕದು. ಒಂದು ಉದ್ದ ಹಲಗೆಯ ಮೇಲೆ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ. ಗೋಡೆಗೆ ಹೊಡೆದ ಮೊಳೆಗಳಲ್ಲಿ ಮಡಿ ಷರಟುಗಳು. ಇಸ್ತ್ರಿಯಕ್ಕ ಆಸ್ಪತ್ರೆಯ ನರ್ಸುಗಳ ಸಮವಸ್ತ್ರ ಉಜ್ಜುತ್ತಿದ್ದಳು. ಅವಳ ಮಗಳು ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು, ಇವರನ್ನು ನೋಡಿ ತಲೆ ಬಗ್ಗಿಸಿದಳು. ರಟ್ಟಿನಕ್ಕ, ದೊಡ್ಡವಳು, ಅಮ್ಮನ ಸೆರಗು ಬಿಡದ ಪುಟ್ಟಿ, ಮೂವರೂ ಬಾಗಿಲಲ್ಲಿ ನಿಂತರು. ಬಟ್ಟೆ ಕೊಡುವುದಕ್ಕೆ ಬಂದಿದ್ದ ಇಬ್ಬರು ಗಿರಾಕಿಗಳೂ ಇದ್ದರು.

"ಇಸ್ತ್ರಿಯಕ್ಕ, ನಿಮ್ಮ ಮಗಳು ಹೇಳಿದ್ದು ನಿಜ. ಇದರಲ್ಲೇ ಇದೆ," ಎಂದು ರಟ್ಟಿನಕ್ಕ ಪುಸ್ತಕ ಚಾಚಿದಳು. "ನಾನೇ ನನ್ನ ಮಗಳಿಂದ ಮುಚ್ಚಿಟ್ಟಿದ್ದೆ. ನಿಮ್ಮ ಹುಡುಗಿಗೆ ಓದೋಕೆ ಕೊಡಿ."

ಇಸ್ತ್ರಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಪುಸ್ತಕ ಮುಟ್ಟಲಿಲ್ಲ.

"ಇದನ್ನ ನಮ್ಮ ಹುಡುಗಿಗೆ ಯಾಕೆ ತಂದ್ರಿ? ಅವಳಿಗೆ ಗೊತ್ತು. ನನಗೆ ಗೊತ್ತು, ನಮ್ಮಮ್ಮನಿಗೆ ಗೊತ್ತಿತ್ತು. ನಾವು ಯಾರೂ ಪುಸ್ತಕ ನೋಡಿ ತಿಳ್ಕೊಂಡಿದ್ದಲ್ಲ. ಗೊತ್ತಿಲ್ದೇ ಇದ್ದಿದ್ದು ನಿಮಗೆ. ಸುಳ್ಳು ಅಂತ ಇದೇ ಜಾಗದಲ್ಲಿ ಕೂಗಿ ಹೇಳಿದ್ಲಲ್ಲ, ನಿಜ ಅಂತಾನೂ ಅಷ್ಟೇ ಗಟ್ಟಿಯಾಗಿ ಹೇಳ್ಲಿ."

ರಟ್ಟಿನಕ್ಕನ ನಾಲಿಗೆ ತುದಿಗೆ ಏನೋ ಬಂತು. ಮಗು ಕಣ್ರೀ ಅವಳು, ಎನ್ನಲು ಹೊರಟಿದ್ದಳು. ನುಂಗಿಕೊಂಡಳು. ದೊಡ್ಡವಳು ತಾಯಿಯ ಕೈಯಿಂದ ಪುಸ್ತಕ ತೆಗೆದುಕೊಂಡು ಎಂಬತ್ತಮೂರನೆಯ ಪುಟ ತೆಗೆದಳು. ಶಾಲೆಯಲ್ಲಿ ಒಂದು ವರ್ಷ ಬಾಯಿ ಬಿಡದ ಹುಡುಗಿ, ಗಿರಾಕಿಗಳ ಎದುರಿಗೆ ಓದತೊಡಗಿದಳು. ಮೊದಲ ಸಾಲು ಯಾರಿಗೂ ಕೇಳಿಸಲಿಲ್ಲ. ಮತ್ತೆ ಮೊದಲಿಂದ ಓದಿದಳು, ಈ ಸಲ ಗಟ್ಟಿಯಾಗಿ. ಹಡಗಿನ ಉದ್ದ ಎಷ್ಟು, ಕೆಳಗೆ ಎಷ್ಟು ಜನ, ಒಬ್ಬೊಬ್ಬರಿಗೆ ಎಷ್ಟು ಜಾಗ, ಬೆಳಿಗ್ಗೆ ಎಷ್ಟು ಹೊತ್ತಿಗೆ ಮೇಲೆ ಪ್ರಾರ್ಥನೆ. ಮೂಲೆಯಲ್ಲಿದ್ದ ಹುಡುಗಿ ಸೂಜಿ ಕೆಳಗಿಟ್ಟಳು.

ಪುಟ್ಟಿಯನ್ನು ಹೊರಗೆ ಕಳಿಸಬೇಕೆಂದು ರಟ್ಟಿನಕ್ಕನಿಗೆ ಹೊಳೆಯುವಷ್ಟರಲ್ಲಿ ಅರ್ಧ ಪುಟ ಮುಗಿದಿತ್ತು. ಅವಳ ಭುಜದ ಮೇಲೆ ಕೈ ಇಟ್ಟಳು, ಆದರೆ ಕಳಿಸಲಿಲ್ಲ. ಪುಟ್ಟಿ ಇಸ್ತ್ರಿಯಕ್ಕನ ಮುಖವನ್ನೇ ನೋಡುತ್ತಿದ್ದಳು.

"ಮೇಲೆ ಪ್ರಾರ್ಥನೆ ಮಾಡ್ತಿದ್ದಿದ್ದು ಕೆಳಗಿದ್ದೋರಿಗೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು ಮರಿ," ಎಂದಳು ಇಸ್ತ್ರಿಯಕ್ಕ. "ಕೆಳಗಿದ್ದೋರು ಅಳ್ತಿದ್ದಿದ್ದು ಮೇಲಿದ್ದೋರಿಗೂ ಕೇಳಿಸ್ತಿತ್ತು."

ದೊಡ್ಡವಳು ಕಣ್ಣೊರೆಸಿಕೊಂಡು ಮುಂದಿನ ಪುಟ ತಿರುವಿದಳು.